ಮೊರದ ಸವತಿ

ಗೋಡೆಗೆ ಮೊಳೆ ಹೊಡೆದು ನೀನು ತೂಗುಹಾಕಿದ್ದು
ಜಾಲರಿ ಹೆಣೆದ ಎರಡು ಅಗಲ ಪಾದ.
ಹಾಲು ಹಾಕಲು ಬಂದ ನಾರೆಪ್ಪ ಕೇಳಿದ,
'ಹವಾಲ್ದಾರ್ರೇ, ಅಲ್ಲಿ ಶಟಲ್ ಆಡ್ತಿದ್ರಾ?'
ನಾನಂತೂ ಮೊದಲ ದಿನವೇ ಅಂದುಕೊಂಡೆ,
ನನ್ನ ಮೊರಕ್ಕೊಬ್ಬಳು ಸವತಿ ಬಂದಳು.

ಕಂಡಂ ಆದ ಸಾಮಾನು, ಅಂದೆ ನೀನು.
ಹದಿನೇಳು ವರ್ಷ ದುಡಿದು ಮನೆಗೆ ತಂದ ಗಂಟು:
ಒಂದು ಟ್ರಂಕು, ಎರಡು ಕಂಬಳಿ, ಈ ಜೋಡಿ,
ಮತ್ತೆ ಎಡಗಾಲಲ್ಲಿ
ಎರಡು ಬೆರಳಿರಬೇಕಾದ ಜಾಗ.
ನೀರು ಹೊಯ್ಯುವಾಗ ನೋಡುತ್ತೇನೆ.
ಕೇಳುವುದಿಲ್ಲ.

ಪುಷ್ಯದ ಒಂದು ಶನಿವಾರ
ಚಿಂತಾಮಣಿಯಿಂದ ತಂಗಿಯ ಮಕ್ಕಳು ಬಂದಿದ್ದವು.
ಲಿಖಿತ್ ಗೋಡೆ ನೋಡಿದ, ನಿನ್ನ ಕಾಲು ನೋಡಿದ.
'ದೊಡ್ಡಪ್ಪ, ಇದು ಕಟ್ಕೊಂಡ್ರೆ ಮಂಜಿನ ಮೇಲೆ ನಡೀಬಹುದಂತೆ.
ನಮ್ಮ ಬೆಟ್ಟಕ್ಕೂ ಮಂಜು ಬರುತ್ತಲ್ಲ?'
ನೀನು ನಗಲಿಲ್ಲ.
ಅಲ್ಲಿಯದಕ್ಕೂ ಇಲ್ಲಿಯದಕ್ಕೂ ಒಂದೇ ಹೆಸರಿಟ್ಟು ಕೂತಿದ್ದೇವೆ ನಾವು;
ಒಂದು ಕಣ್ಣು ಕಟ್ಟುತ್ತದೆ, ಇನ್ನೊಂದು ಕಾಲು ನುಂಗುತ್ತದೆ.
'ಬಾ' ಅಂತ ಹುಡುಗನನ್ನು ಕಣಕ್ಕೆ ಕರೆದುಕೊಂಡು ಹೋದೆ.

ರಾಗಿ ತೂರಿ ಮೂರು ದಿನವಾಗಿತ್ತು.
ಹೊಟ್ಟಿನ ರಾಶಿ ನನ್ನ ಸೊಂಟದೆತ್ತರ, ಮೇಲೆ ಇಬ್ಬನಿ.
ಓಡಿ ಬಂದು ಹಾರಿದ ಲಿಖಿತ್,
ತೊಡೆಯವರೆಗೂ ಹೂತುಕೊಂಡ.
ಕಂಕುಳಿಗೆ ಕೈಹಾಕಿ ಎತ್ತಿದೆ ನೀನು,
ಬೇಕಾದ್ದಕ್ಕಿಂತ ಬಿರುಸಾಗಿ.
ಸೆಣಬಿನ ಹುರಿಯಲ್ಲಿ ಆ ಅಗಲ ಪಾದ ಕಟ್ಟಿದೆ.
'ಕಾಲು ಅಗಲಿಸಿ ಇಡು, ಬಾತುಕೋಳಿ ಥರ.
ಒಂದರ ಮೇಲೊಂದು ಇಟ್ಯೋ, ಮುಗೀತು.'
ಹುಡುಗ ನಡೆದ.
ಹೊಟ್ಟು ತಡೆದುಕೊಂಡಿತು.

ಹಂಸಿಕಾ ರಚ್ಚೆ ಹಿಡಿದಳು, ಅವಳಿಗೂ ಬೇಕು.
ಇರುವುದು ಒಂದೇ ಜೋಡಿ.
ಹೋದವು ನನ್ನ ಎರಡು ಮೊರ,
ಮೊನ್ನೆ ತಾನೇ ಮೆಂತ್ಯ ಅರೆದು ಬಳಿದು ಒಣಗಿಸಿದ್ದು.
ಬೈದೆ. ಬೈಯುತ್ತಲೇ ಹುರಿಯ ತುದಿ ಹಿಡಿದುಕೊಟ್ಟೆ.
ಜಗಲಿಯಿಂದ ಅತ್ತೆ ಕೂಗಿದರು,
'ಮೊರ ತುಳಿದರೆ ಲಕ್ಷ್ಮಿ ಮುನಿಯುತ್ತಾಳೆ ಕಣೋ!'
ನೀನಂದೆ:
'ತುಳೀತಿಲ್ಲ ಅವ್ವ. ಅದೇ ಹೊತ್ಕೊಂಡಿದೆ ಅವಳನ್ನ.'

ಮಾರನೇ ದಿನ ಕೋಳಿ ಕೂಗುವ ಮೊದಲೇ ಅಂಬಾಜಿದುರ್ಗಕ್ಕೆ.
ಡಬ್ಬಿಯಲ್ಲಿ ಹಿತಕಬೇಳೆ ಉಪ್ಪಿಟ್ಟು,
ಅತ್ತೆಯ ತಲೆಗೆ ನಿನ್ನ ಪಟ್ಟಾಳದ ಉಣ್ಣೆ ಟೋಪಿ.
ಮಕ್ಕಳಿಗೆ, ಮುದುಕರಿಗೆ ಆಗುವ ದಾರಿ ಇದು
ಅಂತ ನೀನೇ ಆರಿಸಿದ್ದು.
ಆದರೂ ಮುಂದೆ ನಿಂತು ಕೋಲಿನಿಂದ
ಒಂದೊಂದು ಕಲ್ಲನ್ನೂ ಕುಟ್ಟಿ ನೋಡಿದೆ.
ಏನು ಕುಸಿಯುತ್ತೆ ಇಲ್ಲಿ?
ಆಡು ಮಲಗಿ ಮಲಗಿ ನುಣುಪಾದ ಬಂಡೆ,
ಹಿಡಿದರೆ ಕೈಗೆ ಸಿಗುವ ಸೀತಾಫಲದ ಗಿಡ.
'ಮುಂದಿನವರ ಹೆಜ್ಜೆಯಲ್ಲೇ ಹೆಜ್ಜೆ ಇಡಿ,' ಅಂದೆ.
ಮಕ್ಕಳಿಗೆ ಅದೊಂದು ಆಟ.

ಅರ್ಧ ದಾರಿಯಲ್ಲಿ ಮಂಜು ಮುಚ್ಚಿಕೊಂಡಿತು.
ನಿನ್ನ ಬೆನ್ನು ಮಾತ್ರ ಕಾಣುತ್ತಿತ್ತು, ಆಮೇಲೆ ಅದೂ ಇಲ್ಲ.
ನೀನು ನಿಂತು, ತಿರುಗಿ, ಎಣಿಸಿದೆ ಗಟ್ಟಿಯಾಗಿ:
ಒಂದು, ಎರಡು, ಮೂರು, ನಾಲ್ಕು.
ಮತ್ತೆ ಎಣಿಸಿದೆ.
ಮತ್ತೆ.
ನಿನ್ನ ಹಿಂದೆ ಇದ್ದವರು ನಾಲ್ಕೇ ಜನ.
ನೀನು ಐದನೆಯವನಿಗೆ ಕಾಯುತ್ತಿದ್ದೆ.

ನಾನು ಅತ್ತೆಯ ಕೈ ಬಿಟ್ಟು ಮುಂದೆ ಬಂದು
'ಎಲ್ಲರೂ ಇದ್ದೀವಿ' ಅಂದೆ.
ಸುಳ್ಳೇನಲ್ಲ.
ನಿಜವೂ ಅಲ್ಲವೇನೋ.

ತುದಿಯಲ್ಲಿ ಬಿಸಿಲು. ಕೆಳಗೆ ಚಿಂತಾಮಣಿ ಇರಲಿಲ್ಲ,
ಹತ್ತಿ ಹಿಂಜಿ ಹಾಸಿದಂತೆ ಅದೊಂದೇ.
'ಈಗ ಕಟ್ಕೊಂಡು ಇದರ ಮೇಲೆ ಹೋಗ್ಬಹುದಾ ದೊಡ್ಡಪ್ಪ?'
'ಇದರ ಮೇಲೆ ಆಗಲ್ಲ ಮಗ.
ಇದು ಸುಮ್ನೆ ನೋಡೋದು.'
ಹಂಸಿಕಾ ಉಪ್ಪಿಟ್ಟಿನ ಅವರೆಯನ್ನಷ್ಟೇ ಆರಿಸಿ ತಿಂದಳು,
ನಾನು ತಳ ಕೆರೆದು ನಿನಗೆ ಹಾಕಿದೆ.

ಒಂದು ಮೊರದ ಅಂಚು ಹೋಗಿದೆ.
ಅದನ್ನೂ ಅದೇ ಮೊಳೆಗೆ ತೂಗುಹಾಕಿದ್ದೇನೆ, ಸವತಿಯ ಪಕ್ಕದಲ್ಲಿ.
ಜಾಲರಿಗೆ ರಾಗಿ ಹೊಟ್ಟು ಸಿಕ್ಕಿಕೊಂಡಿದೆ;
ಬರಲು ತಗೊಂಡರೆ ನೀನು ಬೇಡ ಅಂತೀಯ.
ನಿನ್ನೆ ಲಿಖಿತ್ ಫೋನು ಮಾಡಿದ್ದ,
'ದೊಡ್ಡಮ್ಮ, ಬರೋ ವಾರಕ್ಕೆ ಹೊಟ್ಟು ಇರುತ್ತಾ?'
ನೋಡಬೇಕಪ್ಪ, ತಿಪ್ಪೆಗೆ ಹಾಕೋದಿದೆ, ಅನ್ನುವಷ್ಟರಲ್ಲಿ
ಒಳಗಿನಿಂದ ನೀನು,
'ಇರಲಿ, ಇರಲಿ ಬಿಡು.'