ಒಂಟಿ ಬಾಲದ್ದು

ಅಕಿತಾದ ಈ ಹಿಮದೂರಲ್ಲಿ
ಚಿನ್ನದ ಮೀನು ಹುಟ್ಟುವಾಗ ಚಿನ್ನವಲ್ಲ.
ಐದನೆಯ ದಿನ ಮೊಟ್ಟೆ ಒಡೆದರೆ
ಎರಡು ಕಣ್ಣು, ಹಿಂದೊಂದು ಕೂದಲೆಳೆ.
ತಿಂಗಳಿಗೆ ಕೆಸರಿನ ಬಣ್ಣ,
ಗದ್ದೆಗಾಲುವೆಯ ಫುನಾ ಮೀನಿನ ಬಣ್ಣ,
ಸಾವಿರ ವರ್ಷದಾಚೆ ಚೀನಾದ ಯಾವುದೋ ಕೊಳದಲ್ಲಿ
ಯಾವುದೋ ಮರಿ ಮರೆತ ಬಣ್ಣ.

ಬಿಸಿಲು ಬಲಿತ ಮೇಲೆ
ಹೊಟ್ಟೆಯ ಕಡೆಯಿಂದ ಕಪ್ಪು ಕರಗುತ್ತದೆ.
ಬೆನ್ನಿನ ಗೆರೆಯಲ್ಲಿ ನಾಲ್ಕು ದಿನ ತಡೆದು ನಿಂತು
ಬಾಡಿಗೆ ಮನೆ ಖಾಲಿ ಮಾಡುವವರ ಹಾಗೆ
ಒಂದೊಂದೇ ಹುರುಪೆ ಬಿಟ್ಟು ಹೋಗುತ್ತದೆ.

ತೊಮೆ ಅಜ್ಜಿ ಅಷ್ಟು ದಿನ ಕಾಯುವವಳಲ್ಲ.
ಬಿಳಿ ಬೋಗುಣಿ, ಚಿಪ್ಪಿನ ಚಮಚ,
ಮೂಗಿನ ತುದಿಗೆ ಕನ್ನಡಕ.
ಬಾಲ ಕವಲಾದದ್ದು ಎಡಕ್ಕೆ,
ಒಂಟಿ ಬಾಲದ್ದು ಬಲಕ್ಕೆ.
ಎಡದ್ದು ಕೊಳಕ್ಕೆ. ಬಲದ್ದು
ಎಲ್ಲಿಗೆಂದು ಅವಳು ಹೇಳುವುದಿಲ್ಲ.
ಬೇಲಿಯ ಮೇಲೆ ಬೆಳ್ಳಕ್ಕಿ ಕೂತಿದೆ, ಅದಕ್ಕೆ ಗೊತ್ತು.

ಬೋಗುಣಿ ತೊಳೆಯುತ್ತ ಒಮ್ಮೆ ಕೇಳಿದೆ:
ಅಜ್ಜಿ, ನಿನ್ನ ಹೆಸರಿಗೆ ಅರ್ಥವೇನು?
"ಸಾಕು, ನಿಲ್ಲಲಿ ಅಂತ. ಐದನೆಯ ಹೆಣ್ಣು ನಾನು.
ಅಪ್ಪ ಇಟ್ಟದ್ದು."
ಚಮಚ ಮಾತ್ರ ನಿಲ್ಲಲಿಲ್ಲ.
ಒಂಟಿ, ಒಂಟಿ, ಕವಲು, ಒಂಟಿ.

ಆ ವರ್ಷದ ಒಂದು ಮರಿ ಅಂಚಿನಿಂದ ಜಾರಿತು
(ಜಾರಿಸಿದಳೋ, ನಾ ಕಾಣೆ)
ಹಿತ್ತಿಲ ಕಾಲುವೆಗೆ.
ಡಿಸೆಂಬರಿಗೆ ಕಾಲುವೆಯ ಮೇಲೆ ಮಂಜುಗಡ್ಡೆ,
ಗಡ್ಡೆಯ ಮೇಲೆ ಹಿಮ, ಮೊಣಕಾಲುದ್ದ.
ಕೆಳಗೆ ಕತ್ತಲು,
ಉಸಿರು ತೀರುತ್ತ ಬಂದ ನೀರು.

ಮೀನುಗಾರಿಕೆ ಇಲಾಖೆಯ ಹುಡುಗ ಕವಾಜಿರಿ
ಒಲೆಯ ಮುಂದೆ ಕೈ ಕಾಯಿಸುತ್ತ ಹೇಳಿದ:
ಗಾಳಿ ತೀರಿದರೆ ನಮ್ಮ ಮಾಂಸದಲ್ಲಿ ಹುಳಿ ಕಟ್ಟುತ್ತದೆ,
ನಾವು ಸಾಯುತ್ತೇವೆ.
ಈ ಮೀನು ಆ ಹುಳಿಯನ್ನೇ ಮದ್ಯ ಮಾಡಿ
ಕಿವಿರಿನಿಂದ ಆಚೆ ಬಿಡುತ್ತದೆ,
ಮೆಲ್ಲಗೆ, ದಿನಗಟ್ಟಲೆ.

ತೊಮೆ ನಕ್ಕಳು, ಬೊಚ್ಚು ಬಾಯಿ ತುಂಬ.
"ನಮ್ಮನೆಯವನು ಕುಡಿದು ಸತ್ತ.
ಇದು ನೋಡು, ಮೈಯೊಳಗೇ ಭಟ್ಟಿ ಹೂಡಿ ಬದುಕುತ್ತದೆ!"
ಹಲ್ಲಿರುವುದು ಗಂಟಲಲ್ಲಿ, ಜಠರವೇ ಇಲ್ಲ,
ಮುಚ್ಚಿ ಮಲಗೋಣವೆಂದರೆ ರೆಪ್ಪೆಯೂ ಇಲ್ಲ.
ಚಳಿಗಾಲ ಕಳೆಯುವ ವಿದ್ಯೆ ಮಾತ್ರ ಇದೆ.

ಮಾರ್ಚಿಯಲ್ಲಿ ಗಡ್ಡೆ ಬಿರಿದ ದಿನ
ಹಿಡಿ ಗೋಧಿ ತೌಡು ತಗೊಂಡು ಕಾಲುವೆಯ ದಡದಲ್ಲಿ ಕೂತಳು.
ಕೆಸರಿನೊಳಗಿಂದ ಕೆಸರೇ ಎದ್ದಂತೆ ಬಂತು.
ಅದೇ ಒಂಟಿ ಬಾಲ.
ಬಣ್ಣ ಬದಲಿಸುವ ತಂಟೆಗೇ ಹೋಗಿರಲಿಲ್ಲ.
ಅಭ್ಯಾಸಬಲ, ಅವಳ ಕೈ ಚಮಚಕ್ಕೆ ತಡಕಾಡಿತು.
ಇರಲಿಲ್ಲ. ತೌಡು ಉದುರಿಸಿದಳು.
ನೀರಿನತ್ತ ಬಾಗಿ ಕೇಳಿದಳು:
"ಇನ್ನೂ ಬೇಕಾ?"

ಅದು ಬಾಯಿ ತೆರೆಯಿತು, ಮುಚ್ಚಿತು,
ತೆರೆಯಿತು.