ಗಡಗಿ ಲೆಕ್ಕ

ಚಿಂಚೋಳಿ ಸೀಮಿ. ಶಾಲಿ ಹಿಂದಿನ ಖೋಲ್ಯಾಗ
ಹೊಸಾ ಮಿಷಿನ್ನು ಗೆರಿ ಎಳೀತದ:
ಖಾಣಿ ಸಿಡಿಮದ್ದು, ಗಂಟಿ ಬಡಿದಾಗ ಓಡಿದ ಹುಡುಗರು,
ಭೀಮಶಾನ ಎಮ್ಮಿ ಮೈ ತಿಕ್ಕಿದ್ದೂ ಬಿಡಂಗಿಲ್ಲ.

ತಾರಾಬಾಯಿದು ಬ್ಯಾರೆ ಲೆಕ್ಕ.
ಗಡಗಿ ನೀರು ನಡುಗಿದ್ರ ಒಂದು,
ಹಲಗಿ ಮ್ಯಾಲಿನ ಗಿಂಡಿ ಗಣ್ಣಂದ್ರ ಎರಡು.
ಮೂರು ಹೇಳಂಗಿಲ್ಲ.
ಆಕಿ ತವರು ಕಿಲ್ಲಾರಿ ಕಡೀದು.

ಹೈದರಾಬಾದಿನಿಂದ ಬಂದ ಹುಡುಗ
ಮಣ್ಣು ಹಿಡಿದು ತೋರಿಸಿದ:
ಎರಿ ನೆಲ ಜಾಸ್ತಿ ಕುಣೀತದ,
ಬಂಡಿಗಲ್ಲಿನ ಮ್ಯಾಲಿನ ಮನಿ ಕಡಿಮಿ;
ಎಷ್ಟು ದೂರಕ್ಕ ಎಷ್ಟು ಅಲುಗ್ತದ
ಅಂದಾಜು ಹೇಳಬಹುದು.

"ಯಾವಾಗ?" ಅಂದಳು.

ಅವ ವೈರು ಸುತ್ತಿಕೋತ ಕುಂತ.

ರಾತ್ರಿ, ಮೊಮ್ಮಗಳಿಗಿ ಹಾಸೂ ಮುಂಚೆ,
ತಲಿ ಮ್ಯಾಲಿನ ಹಲಗಿಯಿಂದ
ತಾಮ್ರದ ಕೊಡ ಇಳಿಸಿ
ನೆಲಕ್ಕ ಇಟ್ಟಳು.