ಗಂಟಿನ ಬುಡ

ಗುಳೇದಗುಡ್ಡದಲ್ಲಿ ಬೋರಿನ ಮೋಟರು ಸುತ್ತುವ ನನ್ನ ಹತ್ತಿರ
ಮಿಶನ್ ಓಣಿಯ ಜೋಯೆಲ್ ಗಿಟಾರು ತಂದ.
'ಕಾಕಾ, ಇದರ ಒಂದು ಪಿಕಪ್ ಸತ್ತೈತಿ.'

ತಿರುಪು ಬಿಚ್ಚಿ ಮೀಟರು ಹಿಡಿದೆ.
ಮುಳ್ಳು ಮಲಗಿದಲ್ಲೇ ಮಲಗಿತ್ತು.
ಎಂಟು ಸಾವಿರ ಸುತ್ತು,
ತಾಮ್ರವೋ ಕೂದಲಿಗಿಂತ ಸಣ್ಣ,
ನನ್ನ ಕಣ್ಣೋ ಐದು ಎಚ್‌ಪಿಯದು.

ಗೋಡೆಯಾಚೆ ಖಣದ ಮಗ್ಗ ನಿಂತಿತು.
ಬಂದಳು ದಾನವ್ವ,
ಲಂಗ ಉಡುವಾಗಿನಿಂದ ಕಂಡಿಕೆ ಸುತ್ತಿದಾಕೆ.
ಕನ್ನಡಕ ತೆಗೆದಿಟ್ಟು ಬೆರಳಾಡಿಸಿದಳು.
'ಎಳಿ ನಡುವ ಹರಿಯಂಗಿಲ್ಲೋ,
ಗಂಟಿನ ಬುಡಕ್ಕ ಹರೀತೈತಿ.'
ಹೌದು, ಬೆಸುಗೆಯ ಬುಡದಲ್ಲೇ.
ಉಗುರಲ್ಲಿ ಅವಳು ಎತ್ತಿಕೊಟ್ಟ ತುದಿಗೆ
ಉಸಿರು ಹಿಡಿದು ಕಾವು ಕೊಟ್ಟೆ.

ದನಿ ಬಂತು; ಬೆನ್ನಿಗೇ ಗುಂಯ್ ಗುಂಯ್.
ತಂತಿ ಮುಟ್ಟಿದರೂ ನಿಲ್ಲದು,
ಜ್ಯಾಕು ಮುಟ್ಟಿದರೆ ಗಪ್ಪು.
ಹಾಗಾದರೆ ಅರ್ಥಿಂಗು ತಂತಿಗೆ ತಲುಪಿಲ್ಲ ಅಂತ
ಬ್ರಿಜ್ಜಿನಡಿ ಹುಡುಕಿದೆ. ಒಂದು ಕರಿ ವಾಯರು
ಯಾರಿಗೂ ಸಂಬಂಧವಿಲ್ಲದೆ ಬಿದ್ದಿತ್ತು.

ಕೂಡಿಸಿದ ಮೇಲೆ ದಾನವ್ವನೇ ಹೆದರುತ್ತ ಕೈಯಿಟ್ಟಳು
ಆರೂ ತಂತಿಯ ಮೇಲೆ.
ಗುಂಯ್ ನಿಂತಿತು.
ಕೈ ತೆಗೆಯಲೇ ಇಲ್ಲ ಬಹಳ ಹೊತ್ತು.

ಬಿಲ್ಲಿನಲ್ಲಿ ಏನು ಬರೆಯುವುದು?
ಬರೆದೆ: ಮೋಟರು, ಸಣ್ಣದು, ಒಂದು.